ಎತ್ತಿಗೆ ಜ್ವರ, ಎಮ್ಮೆಗೆ ಬರೆ: ‘ಗೋ’ ಸಿನಿಮಾದ ಒಂದು ರಾತ್ರಿ

ಲಾಸ್ ಏಂಜಲೀಸ್‌ನ ಒಂದು ಸೂಪರ್‌ಮಾರ್ಕೆಟ್. ಕ್ರಿಸ್‌ಮಸ್ ಬಾಗಿಲಿಗೆ ಬಂದಿದೆ. ಬಿಲ್ಲಿಂಗ್ ಕೌಂಟರ್‌ನಲ್ಲಿ ರೋನಾ ಎಂಬ ಹುಡುಗಿ ನಿಂತಿದ್ದಾಳೆ. ನಿದ್ದೆಗೆಟ್ಟ ಕಣ್ಣು, ಸಪ್ಪೆ ಮುಖ. ಎದುರಿಗಿರುವ ಗ್ರಾಹಕಿ ಅವಳ ಮೇಲೆ ರೇಗುತ್ತಾಳೆ. ನಾನೂ ಒಂದು ಕಾಲಕ್ಕೆ ಇದೇ ಕೆಲಸ ಮಾಡಿದವಳು, ನೀನೇನೂ ದೊಡ್ಡವಳಲ್ಲ ಎಂಬಂತೆ ಮಾತಾಡುತ್ತಾಳೆ. ಮಾಡಿ ಎಲ್ಲಿಗೆ ಬಂದು ಮುಟ್ಟಿದ್ದೀರಿ ನೋಡಿ ಎಂಬರ್ಥದ ಮಾತೊಂದನ್ನು ರೋನಾ ಥಟ್ಟನೆ ತಿರುಗಿ ಎಸೆಯುತ್ತಾಳೆ.

ಇಷ್ಟೇ ದೃಶ್ಯ. ಈ ಹುಡುಗಿ ಎಷ್ಟು ದಣಿದಿದ್ದಾಳೆ, ಎಷ್ಟು ಚುರುಕು, ಹೆದರಿಕೆಯನ್ನು ಹೇಗೆ ಒರಟುತನದಲ್ಲಿ ಮುಚ್ಚಿಡುತ್ತಾಳೆ, ಎಲ್ಲವೂ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಅವಳ ಮನೆ ಬಾಡಿಗೆ ಬಾಕಿ ಇದೆ. ಕಟ್ಟದಿದ್ದರೆ ಮನೆ ಖಾಲಿ ಮಾಡಬೇಕು. ಆಗ ಜೊತೆಗೆ ಕೆಲಸ ಮಾಡುವ ಸೈಮನ್ ಬರುತ್ತಾನೆ. ಬ್ರಿಟಿಷ್ ಹುಡುಗ, ಬಾಯಿ ಜಾಸ್ತಿ. ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋಗುವ ಆಸೆ ಅವನಿಗೆ. ನನ್ನ ಶಿಫ್ಟ್ ನೀನು ಮಾಡು ಎಂದು ಕೇಳುತ್ತಾನೆ. ರೋನಾಗೆ ದುಡ್ಡು ಬೇಕು, ಒಪ್ಪಿಕೊಳ್ಳುತ್ತಾಳೆ.

ಇಡೀ ಸಿನಿಮಾ ಹುಟ್ಟೋದು ಈ ಶಿಫ್ಟ್ ಬದಲಾವಣೆಯಿಂದ. ಕೊಲೆಯಿಲ್ಲ, ಬ್ಯಾಂಕ್ ದರೋಡೆಯ ಪ್ಲಾನ್ ಇಲ್ಲ, ವಜ್ರದ ಪೆಟ್ಟಿಗೆ ಇಲ್ಲ. ಒಬ್ಬನ ಡ್ಯೂಟಿಯನ್ನು ಇನ್ನೊಬ್ಬಳು ಮಾಡುತ್ತಾಳೆ, ಅಷ್ಟೇ. ಅಲ್ಲಿಂದ ಬೆಳಗಾಗುವಷ್ಟರಲ್ಲಿ ಮಾದಕ ಮಾತ್ರೆ, ಪಿಸ್ತೂಲು, ಕದ್ದ ಫೆರಾರಿ, ಪೊಲೀಸ್, ಆಸ್ಪತ್ರೆ ಎಲ್ಲ ಬಂದು ಹೋಗುತ್ತವೆ.

1999ರ ಏಪ್ರಿಲ್ 9ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ಗೋ’ ಬಗ್ಗೆ ಹೇಳುತ್ತಿದ್ದೇನೆ. ನಿರ್ದೇಶನ ಡಗ್ ಲೈಮನ್, ಬರವಣಿಗೆ ಜಾನ್ ಆಗಸ್ಟ್. ಲೈಮನ್ ಹೆಸರು ಹೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು 2002ರ ‘ದ ಬೋರ್ನ್ ಐಡೆಂಟಿಟಿ’. ಅದಕ್ಕಿಂತ ಮೂರು ವರ್ಷ ಮೊದಲು ಅವರು ಈ ಸಿನಿಮಾ ಮಾಡಿದ್ದರು ಅನ್ನೋದು ಸಿನಿಮಾ ಹುಚ್ಚಿರುವವರಿಗೂ ಎಷ್ಟೋ ಸಲ ಗೊತ್ತಿರೋದಿಲ್ಲ. ಗೊತ್ತಿರುವವರು ಕೂಡ ‘ಹೌದು, ಪಲ್ಪ್ ಫಿಕ್ಷನ್ ಥರದ್ದು’ ಅಂತ, ಕಾಲವನ್ನು ಹಿಂದೆಮುಂದೆ ಕಲಸಿದ ಆ ಅಪರಾಧದ ಸಿನಿಮಾಗೆ ಹೋಲಿಸಿ, ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆ ಮಾತು ಈ ಸಿನಿಮಾಗೆ ತುಂಬಾ ಅನ್ಯಾಯ ಮಾಡಿದೆ ಅಂತ ನನ್ನ ಅನಿಸಿಕೆ. ಅದಕ್ಕೇ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ಕಥೆಯ ತಿರುವುಗಳನ್ನೆಲ್ಲ ಹೇಳುತ್ತೇನೆ. ಹೊಸದಾಗಿ ನೋಡಬೇಕು ಎನ್ನುವವರು ಮೊದಲು ನೋಡಿ ಬನ್ನಿ. ಎರಡು ಗಂಟೆಗಿಂತ ಕಡಿಮೆ.

ಕಥೆ ಮೂರು ಭಾಗದಲ್ಲಿದೆ. ಮೊದಲನೆಯದು ರೋನಾಳದ್ದು, ಎರಡನೆಯದು ಸೈಮನ್‌ನದ್ದು, ಮೂರನೆಯದು ಆಡಮ್ ಮತ್ತು ಜ್ಯಾಕ್ ಎಂಬ ಇಬ್ಬರು ಟಿವಿ ನಟರದ್ದು. ಪ್ರತಿ ಭಾಗ ಮುಗಿದಾಗಲೂ ಸಿನಿಮಾ ಹಿಂದಕ್ಕೆ ಓಡಿ ಮತ್ತೆ ಆ ಸೂಪರ್‌ಮಾರ್ಕೆಟ್ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿಂದ ಇನ್ನೊಬ್ಬರ ಬೆನ್ನು ಹತ್ತಿ ಹೊರಡುತ್ತದೆ. ಕೊನೆಗೆ ಮೂರೂ ಎಳೆ ಒಂದೆಡೆ ಸೇರುತ್ತವೆ.

ಕನ್ನಡದಲ್ಲಿ 2014ರ ‘ಉಳಿದವರು ಕಂಡಂತೆ’ ನೋಡಿದವರಿಗೆ ಈ ಬಗೆ ಹೊಸದೇನಲ್ಲ. ಅಲ್ಲಿ ನಡೆದ ಸಂಗತಿಯನ್ನು ಒಬ್ಬೊಬ್ಬರು ಕಂಡಂತೆ ಜೋಡಿಸಿಕೊಳ್ಳುತ್ತಾ ಹೋಗುವ ಸುಖ ಇತ್ತು. ‘ಗೋ’ದಲ್ಲಿ ಯಾರೂ ಯಾರಿಗೂ ಏನೂ ನೆನಪು ಮಾಡಿಕೊಂಡು ಹೇಳೋದಿಲ್ಲ. ಯಾರ ಕಥೆಯೂ ಇನ್ನೊಬ್ಬರ ಕಥೆಯನ್ನು ಸುಳ್ಳು ಮಾಡೋದಿಲ್ಲ. ಅವರಿಗೆ ಪಕ್ಕದ ಕೋಣೆಯಲ್ಲಿ ಏನಾಗುತ್ತಿದೆ ಅನ್ನೋದೇ ಗೊತ್ತಿಲ್ಲ, ಅಷ್ಟೇ. ಗೊತ್ತಾಗೋದು ನಮಗೆ ಮಾತ್ರ.

ರೋನಾ ಕಥೆಯಿಂದಲೇ ಶುರು ಮಾಡೋಣ. ಅವಳು ಸೈಮನ್ ಬದಲಿಗೆ ನಿಂತಿರುವಾಗ ಆಡಮ್ ಮತ್ತು ಜ್ಯಾಕ್ ಸೈಮನ್‌ನನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಎಕ್ಸ್‌ಟಸಿ ಎಂಬ ಇಪ್ಪತ್ತು ಮಾದಕ ಮಾತ್ರೆ ಬೇಕು. ಸೈಮನ್ ಇಲ್ಲ. ರೋನಾ ಯೋಚಿಸುತ್ತಾಳೆ: ಸೈಮನ್ ಮಾಡುವ ಕೆಲಸ ನಾನು ಮಾಡುತ್ತಿದ್ದೇನೆ, ಅವನ ಈ ಸೈಡ್ ವ್ಯಾಪಾರವನ್ನೂ ಯಾಕೆ ಮಾಡಬಾರದು? ಸೈಮನ್‌ಗೆ ಮಾಲು ಕೊಡುವವನು ಟಾಡ್ ಗೇನ್ಸ್. ಅವನ ಮನೆಗೆ ನೇರವಾಗಿ ಹೋಗುತ್ತಾಳೆ. ಅವನಿಗೆ ಅನುಮಾನ. ಇವಳಿಗೆ ಹಿಂದಿಲ್ಲ ಮುಂದಿಲ್ಲ, ಜೊತೆಗೆ ಕೈಯಲ್ಲಿ ಪೂರ್ತಿ ದುಡ್ಡೂ ಇಲ್ಲ. ಕೊನೆಗೆ ಏನು ಮಾಡುತ್ತಾಳೆ ಗೊತ್ತಾ? ಜೊತೆಗೆ ಬಂದಿದ್ದ ಗೆಳತಿ ಕ್ಲೇರ್‌ಳನ್ನು ಅಲ್ಲೇ ಒತ್ತೆ ಇಟ್ಟು ಮಾಲು ತಗೊಂಡು ಹೋಗುತ್ತಾಳೆ.

ಈ ದೃಶ್ಯ ನನಗೆ ಪ್ರತಿ ಸಲವೂ ಮುಜುಗರ ತರುತ್ತದೆ, ತರಬೇಕು ಕೂಡ. ಕ್ಲೇರ್‌ಗೆ ಇಷ್ಟವಿಲ್ಲ. ರೋನಾಗೂ ಅದು ಗೊತ್ತು. ಆದರೆ ಬಾಡಿಗೆಯ ದುಡ್ಡು ಕಣ್ಣ ಮುಂದೆ ಕುಣಿಯುತ್ತಿದೆ. ಸುಮ್ನೆ ಸ್ವಲ್ಪ ಹೊತ್ತು ಕೂತಿರು, ಬಂದುಬಿಡ್ತೀನಿ ಎನ್ನುವ ಧಾಟಿ. ಮನೆಯಲ್ಲಿ ಅಂಗಿ ಹಾಕದೆ, ಸಾಂಟಾ ಟೋಪಿ ಹಾಕಿಕೊಂಡು ಓಡಾಡುವ ಟಾಡ್ ಆಗಿ ಟಿಮೊಥಿ ಓಲಿಫಂಟ್ ಮಾಡಿರುವ ಪಾತ್ರ ಇದೆಯಲ್ಲ, ಅದರಲ್ಲಿ ನಗು ಎಲ್ಲಿ ಮುಗಿದು ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಹೇಳೋಕೇ ಆಗೋದಿಲ್ಲ. ಅವನು ಕಿರುಚುವುದಿಲ್ಲ. ತುಂಬಾ ತಾಳ್ಮೆಯಿಂದ ಮಾತಾಡುತ್ತಾನೆ. ಹೆದರಿಕೆ ಹುಟ್ಟೋದೇ ಆ ತಾಳ್ಮೆಯಿಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಮ್ಮಲ್ಲಿ ಒಂದು ಗಾದೆ ಇದೆ. ಈ ಸಿನಿಮಾ ಪೂರ್ತಿ ಅದೇ. ಸೈಮನ್‌ಗೆ ವೇಗಸ್ ಹುಚ್ಚು, ಅವನ ಡ್ಯೂಟಿ ರೋನಾ ತಲೆಗೆ. ರೋನಾಗೆ ದುಡ್ಡಿನ ಕಷ್ಟ, ಒತ್ತೆ ಕೂರೋದು ಕ್ಲೇರ್. ಆಮೇಲೆ ವೇಗಸ್‌ನಲ್ಲಿ ಸೈಮನ್ ಮಾಡಿಕೊಳ್ಳುವ ರಾದ್ಧಾಂತಕ್ಕೆ ಗೂಂಡಾಗಳು ಹುಡುಕಿಕೊಂಡು ಬರೋದು ಟಾಡ್ ಮನೆಗೆ. ಪೊಲೀಸನಿಗೆ ಒಂದು ಕೇಸು ಬೇಕು, ಅದಕ್ಕೆ ಬಲೆಯಾಗಬೇಕಾದವರು ಆಡಮ್ ಮತ್ತು ಜ್ಯಾಕ್. ಪ್ರತಿಯೊಬ್ಬರೂ ತಮ್ಮ ಭಾರವನ್ನು ಪಕ್ಕದವರ ಹೆಗಲಿಗೆ ದಾಟಿಸುತ್ತಾರೆ. ಯಾರೂ ಕೆಟ್ಟವರಲ್ಲ. ಅವರವರಿಗೆ ಅವತ್ತು ರಾತ್ರಿ ಸ್ವಲ್ಪ ಅವಸರ ಇರುತ್ತದೆ, ಅಷ್ಟೇ.

ಹಾಗಾಗಿಯೇ ಕಥೆಯನ್ನು ಮೂರು ತುಂಡು ಮಾಡಿದ್ದು ಬರೀ ಚಮತ್ಕಾರ ಅಂತ ನನಗೆ ಅನಿಸೋದಿಲ್ಲ. ಒಂದೇ ಗೆರೆಯಲ್ಲಿ ಹೇಳಿದ್ದರೆ ನಾವು ರೋನಾ ಜೊತೆಗೇ ಇರುತ್ತಿದ್ದೆವು. ಅವಳ ಕಷ್ಟ ಮಾತ್ರ ಕಷ್ಟ ಅನಿಸುತ್ತಿತ್ತು. ತುಂಡು ಮಾಡಿದ್ದಕ್ಕೆ, ಒಂದು ಭಾಗದಲ್ಲಿ ಸುಮ್ಮನೆ ಬಂದು ಹೋದವರು ಇನ್ನೊಂದು ಭಾಗದಲ್ಲಿ ಬೆವರು ಸುರಿಸುತ್ತಾ ನಿಂತಿರೋದು ಕಾಣಿಸುತ್ತದೆ.

ಅದಕ್ಕೆ ಒಂದೇ ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ರೋನಾ ಮಾತ್ರೆ ಹಿಡಿದು ಆಡಮ್ ಮತ್ತು ಜ್ಯಾಕ್ ಹೇಳಿದ ಜಾಗಕ್ಕೆ ಹೋಗುತ್ತಾಳೆ. ಅಲ್ಲಿ ಅವರ ಜೊತೆ ಬರ್ಕ್ ಎಂಬ ಇನ್ನೊಬ್ಬ ಇದ್ದಾನೆ. ವಯಸ್ಸು ಜಾಸ್ತಿ, ನಗು ಅತಿ ಸ್ನೇಹದ್ದು. ಮಾಲು ಎಲ್ಲಿ, ಮಾಲು ಎಲ್ಲಿ ಅಂತ ಒತ್ತಾಯ ಮಾಡುತ್ತಾನೆ. ರೋನಾಗೆ ಏನೋ ಸರಿಯಿಲ್ಲ ಅನಿಸುತ್ತದೆ. ಬಾತ್‌ರೂಮ್‌ಗೆ ಹೋಗಿ ಅಷ್ಟೂ ಮಾತ್ರೆಯನ್ನು ಕಮೋಡ್‌ಗೆ ಸುರಿದು ನೀರು ಬಿಟ್ಟು, ಬರಿಗೈಯಲ್ಲಿ ಹೊರಟುಬಿಡುತ್ತಾಳೆ. ಮೊದಲ ಸಲ ನೋಡುವಾಗ ನಮಗೆ ಅನಿಸೋದು: ಎಂಥ ಚಾಲಾಕಿ ಹುಡುಗಿ, ಗಾಳಿಯಲ್ಲೇ ಅಪಾಯದ ವಾಸನೆ ಹಿಡಿದಳು.

ಮೂರನೇ ಭಾಗದಲ್ಲಿ ಅದೇ ಮನೆಗೆ ಮತ್ತೆ ಹೋಗುತ್ತೇವೆ. ಈಗ ನಾವು ಆಡಮ್ ಮತ್ತು ಜ್ಯಾಕ್ ಕಡೆ. ಅವರಿಬ್ಬರೂ ಡ್ರಗ್ಸ್ ಇಟ್ಟುಕೊಂಡು ಸಿಕ್ಕಿಬಿದ್ದಿದ್ದಾರೆ. ಕೇಸು ಬಿಡಬೇಕಾದರೆ ಮಾರುವವನನ್ನು ಹಿಡಿದುಕೊಡಿ ಎಂದು ಪೊಲೀಸ್ ಅಧಿಕಾರಿ ಬರ್ಕ್ ಅವರ ಮೈಗೆ ಮೈಕ್ ಕಟ್ಟಿದ್ದಾನೆ. ಬಲೆಗೆ ಬೀಳಬೇಕಿದ್ದವನು ಸೈಮನ್. ಬಂದವಳು ರೋನಾ. ಈ ಹುಡುಗಿ ಜೈಲಿಗೆ ಹೋಗುವುದನ್ನು ನೋಡಲಾರದೆ ಜ್ಯಾಕ್ ಅವಳಿಗೆ ಮಾತ್ರ ಕೇಳುವಂತೆ ಪಿಸುಗುಟ್ಟುತ್ತಾನೆ, ಹೋಗು ಅಂತ. ಅವಳು ಪಾರಾದದ್ದು ಅದರಿಂದ.

ಈಗ ಲೆಕ್ಕ ಬದಲಾಯಿತು. ಮೊದಲ ಭಾಗದಲ್ಲಿ ನಾವು ಮೆಚ್ಚಿದ ಚಾಲಾಕಿತನದ ಹಿಂದೆ ಇನ್ನೊಬ್ಬರ ದಯೆ ಇತ್ತು. ಅದನ್ನು ಮಾಡಿದವನು ತನ್ನ ಕೇಸನ್ನೇ ಪಣಕ್ಕಿಟ್ಟು ಮಾಡಿದ. ಭಾರ ದಾಟಿಸುವವರೇ ತುಂಬಿರುವ ಕಥೆಯಲ್ಲಿ ಒಬ್ಬ ಅದನ್ನು ತನ್ನ ಮೇಲೇ ಎಳೆದುಕೊಂಡ. ಸಿನಿಮಾ ಅದನ್ನು ದೊಡ್ಡದು ಮಾಡೋದಿಲ್ಲ, ಹಿನ್ನೆಲೆ ಸಂಗೀತ ಏರಿಸೋದಿಲ್ಲ. ಒಂದು ಪಿಸುಮಾತು, ಮುಂದಿನ ಗಲಾಟೆ. ನನಗೆ ಇದು ಇಡೀ ಸಿನಿಮಾದ ಎದೆಬಡಿತ. ಕಾಲವನ್ನು ಹಿಂದೆಮುಂದೆ ಮಾಡುವ ಎಷ್ಟೋ ಸಿನಿಮಾಗಳು ಎರಡನೇ ಸಲ ಬಂದಾಗ ಒಂದು ಮೋಸವನ್ನು ತೋರಿಸುತ್ತವೆ, ಯಾರು ಕೊಲೆಗಾರ ಅಂತ ಹೇಳುತ್ತವೆ. ಇಲ್ಲಿ ಎರಡನೇ ಸಲ ಬಂದಾಗ ಸಿಗೋದು ಒಬ್ಬನ ಒಳ್ಳೆಯತನ.

ಹಾಗಂತ ಜ್ಯಾಕ್ ದೇವರೇನಲ್ಲ. ಮುಂದೆ ಇವರಿಬ್ಬರೇ ರೋನಾಳನ್ನು ಕಾರಿನಿಂದ ಗುದ್ದುತ್ತಾರೆ!

ಆ ಘಟನೆಗೆ ಬರುವ ಮೊದಲು ನಡುವಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಮಾತ್ರೆ ನೀರಿಗೆ ಹೋಯಿತು, ಟಾಡ್‌ಗೆ ಏನು ಕೊಡೋದು? ರೋನಾ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಸಾಮಾನ್ಯ ಮಾತ್ರೆಗಳನ್ನು ಕದ್ದು, ಅದನ್ನೇ ಟಾಡ್‌ಗೆ ವಾಪಸ್ ಕೊಟ್ಟು ಕ್ಲೇರ್‌ಳನ್ನು ಬಿಡಿಸಿಕೊಳ್ಳುತ್ತಾಳೆ. ಉಳಿದದ್ದನ್ನು ರೇವ್ ಪಾರ್ಟಿಯಲ್ಲಿ ಎಕ್ಸ್‌ಟಸಿ ಅಂತ ಹುಡುಗರಿಗೆ ಮಾರುತ್ತಾಳೆ. ಅವಳ ಇನ್ನೊಬ್ಬ ಗೆಳೆಯ ಮ್ಯಾನಿ ಅಸಲಿ ಮಾತ್ರೆಗಳಲ್ಲಿ ಎರಡನ್ನು ಮೊದಲೇ ನುಂಗಿಬಿಟ್ಟಿದ್ದಾನೆ, ಅದರ ತೀವ್ರತೆ ಎಷ್ಟು ಅಂತ ಗೊತ್ತಿಲ್ಲದೆ. ಅವನ ನಶೆಯ ಕಣ್ಣಿಗೆ ಸೂಪರ್‌ಮಾರ್ಕೆಟ್ ಡ್ಯಾನ್ಸ್ ಫ್ಲೋರ್ ಆಗುತ್ತದೆ, ಟಾಡ್ ಮನೆಯ ಬೆಕ್ಕು ಮಾತಾಡುತ್ತದೆ. ನಗು ಬರುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಅವನ ಮುಖ ಬಿಳಚಿಕೊಂಡು ಕೈಕಾಲು ನಡುಗತೊಡಗುತ್ತದೆ. ರೋನಾ ಅವನನ್ನು ಒಂದು ಸಂದಿಯಲ್ಲಿ ಅಡಗಿಸಿ ಕೂರಿಸಿ, ಕಾರು ತರ್ತೀನಿ ಅಂತ ಹೇಳಿ ಹೋಗುತ್ತಾಳೆ.

ಅಷ್ಟರಲ್ಲಿ ಟಾಡ್‌ಗೆ ಮೋಸ ಗೊತ್ತಾಗಿದೆ. ಪಾರ್ಕಿಂಗ್ ಜಾಗದಲ್ಲಿ ರೋನಾ ಎದುರಿಗೆ ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ಅವನು ಗುಂಡು ಹಾರಿಸುವ ಮೊದಲೇ ಒಂದು ಕಾರು ಬಂದು ಅವಳನ್ನು ಗುದ್ದಿ ಹೊರಟುಹೋಗುತ್ತದೆ. ಮೊದಲ ಭಾಗ ಮುಗಿಯೋದು ಅಲ್ಲಿ. ನಾವು ಇಷ್ಟಪಟ್ಟ ಹುಡುಗಿ ಹೋದಳು ಅಂತಲೇ ಅಂದುಕೊಂಡು, ಎದೆ ಭಾರ ಮಾಡಿಕೊಂಡು ಕೂತಿರುವಾಗ ಸಿನಿಮಾ ನಮ್ಮನ್ನು ಎಳೆದುಕೊಂಡು ಹೋಗಿ ವೇಗಸ್‌ಗೆ ಹಾಕುತ್ತದೆ.

ವೇಗಸ್ ಭಾಗ ಮೂರರಲ್ಲಿ ನನಗೆ ಕಡಿಮೆ ಇಷ್ಟ. ಗದ್ದಲ ಜಾಸ್ತಿ, ಮನಸ್ಸಿಗೆ ತಾಗೋದು ಕಡಿಮೆ. ಸೈಮನ್ ಜೊತೆ ಹೋದ ಮೂವರಲ್ಲಿ ಇಬ್ಬರಿಗೆ ಊಟ ಕೆಟ್ಟು ಹೊಟ್ಟೆ ಹಾಳಾಗಿ ಕೋಣೆಯಲ್ಲೇ ಬಿದ್ದಿರುತ್ತಾರೆ. ಸೈಮನ್ ಯಾರದೋ ಮದುವೆಗೆ ಕರೆಯದೆ ನುಗ್ಗಿ, ವಧುವಿನ ಗೆಳತಿಯರಿಬ್ಬರ ಜೊತೆ ಮಲಗಿ, ಕೋಣೆಗೆ ಬೆಂಕಿ ಬೀಳಿಸಿಕೊಳ್ಳುತ್ತಾನೆ. ಅವನ ಕೈ ಸೋಕಿದ್ದೆಲ್ಲ ಕೆಡುತ್ತದೆ. ಅದನ್ನು ಡೆಸ್ಮಂಡ್ ಆಸ್ಕ್ಯೂ ಎಂಬ ನಟ ತುಂಬಾ ಲವಲವಿಕೆಯಿಂದ ಮಾಡಿದ್ದಾರೆ, ನಿಜ. ಆದರೆ ಈ ಭಾಗದ ಹೆಣ್ಣುಗಳಿಗೆ ಅವರದೇ ಆದ ರಾತ್ರಿ ಇಲ್ಲ. ಉಳಿದ ಎರಡು ಭಾಗದಲ್ಲಿ ಸಣ್ಣ ಪಾತ್ರಕ್ಕೂ ಒಂದು ಬದುಕು ಇರುವಾಗ, ಇಲ್ಲಿ ಆ ಗಮನ ಸಡಿಲವಾಗಿದೆ.

ಎರಡು ಸಂಗತಿ ಮಾತ್ರ ಈ ಭಾಗವನ್ನು ಹಿಡಿದು ನಿಲ್ಲಿಸುತ್ತವೆ. ಒಂದು, ಫೆರಾರಿ. ಟೇ ಡಿಗ್ಸ್ ಮಾಡಿರುವ ಮಾರ್ಕಸ್ ಕಪ್ಪು ಹುಡುಗ, ನಾಲ್ವರಲ್ಲಿ ಅತಿ ಶಿಸ್ತಿನವನು, ಚೆನ್ನಾಗಿ ಬಟ್ಟೆ ಹಾಕಿಕೊಂಡವನು. ಹೋಟೆಲ್ ಮುಂದೆ ನಿಂತಿದ್ದ ಅವನನ್ನು ಕಾರು ನಿಲ್ಲಿಸುವ ಕೆಲಸದವನು ಅಂದುಕೊಂಡು ಒಬ್ಬ ತನ್ನ ಫೆರಾರಿಯ ಕೀ ಕೊಟ್ಟು ಹೋಗಿಬಿಡುತ್ತಾನೆ. ಸಿನಿಮಾ ಈ ಬಗ್ಗೆ ಭಾಷಣ ಬಿಗಿಯೋದಿಲ್ಲ. ಕೀ ಕೈಗೆ ಬಂತು, ಮಾರ್ಕಸ್ ಮತ್ತು ಸೈಮನ್ ಕಾರು ಹತ್ತಿ ಹೊರಟರು. ನೋಡುವವರಿಗೆ ಅರ್ಥವಾಗುವಷ್ಟು ಆ ಒಂದು ಕ್ಷಣದಲ್ಲೇ ಇದೆ.

ಇನ್ನೊಂದು, ಕ್ರೆಡಿಟ್ ಕಾರ್ಡ್. ಕಾರಿನಲ್ಲಿ ಸೈಮನ್‌ಗೆ ಒಂದು ಪಿಸ್ತೂಲು ಸಿಗುತ್ತದೆ. ಸ್ಟ್ರಿಪ್ ಕ್ಲಬ್‌ನಲ್ಲಿ ಮುಟ್ಟಬಾರದು ಎಂಬ ನಿಯಮ ಮೀರಿ, ಬೌನ್ಸರ್ ಜೊತೆ ಜಗಳವಾಗಿ, ಅದೇ ಪಿಸ್ತೂಲಿನಿಂದ ಅವನ ತೋಳಿಗೆ ಗುಂಡು ಹೊಡೆದು ಓಡುತ್ತಾನೆ. ಬೌನ್ಸರ್ ಹೆಸರು ವಿಕ್ಟರ್, ಅವನಪ್ಪನ ಹೆಸರೂ ವಿಕ್ಟರ್. ಅಪ್ಪ ಮಗ ಇಬ್ಬರೂ ಬೆನ್ನು ಹತ್ತುತ್ತಾರೆ. ಸೈಮನ್ ಕ್ಲಬ್‌ನಲ್ಲಿ ಕೊಟ್ಟಿದ್ದ ಕಾರ್ಡ್ ಟಾಡ್‌ನದ್ದು, ಅವನೇ ಕೈಸಾಲಕ್ಕೆ ಅಂತ ಕೊಟ್ಟಿದ್ದು. ಕಾರ್ಡ್‌ನ ಜಾಡು ಹಿಡಿದರೆ ಸಿಗೋದು ಟಾಡ್ ವಿಳಾಸ. ನೂರಾರು ಮೈಲಿ ಆಚೆ, ತನಗೆ ನಕಲಿ ಮಾತ್ರೆ ಕೊಟ್ಟ ಹುಡುಗಿಯನ್ನು ಹುಡುಕುತ್ತಿರುವ ಟಾಡ್‌ಗೆ ತನ್ನ ಹೆಸರಲ್ಲಿ ಇನ್ನೊಂದು ಲೆಕ್ಕ ಬರೆದಿದೆ ಎಂಬ ಸುಳಿವೇ ಇಲ್ಲ.

ಮೂರನೇ ಭಾಗ ನನ್ನ ಪ್ರಕಾರ ಬರವಣಿಗೆಯಲ್ಲಿ ಎಲ್ಲಕ್ಕಿಂತ ಮೇಲು. ಆಡಮ್ ಮತ್ತು ಜ್ಯಾಕ್ ಧಾರಾವಾಹಿ ನಟರು, ಗುಟ್ಟಾಗಿ ಪ್ರೇಮಿಗಳು. ಸ್ಕಾಟ್ ವುಲ್ಫ್ ಮತ್ತು ಜೇ ಮೋರ್ ಅವರನ್ನು ಅಪ್ಪಟ ದಂಪತಿಗಳ ಹಾಗೆ ಮಾಡಿದ್ದಾರೆ. ಮಾತು ಮಾತಿಗೂ ಚುಚ್ಚೋದು, ಸಣ್ಣದಕ್ಕೆಲ್ಲ ಮುನಿಸು, ಆದರೂ ಬಿಟ್ಟಿರಲಾರರು. 1999ರ ಅಮೆರಿಕದ ಕಾಮಿಡಿಗಳಲ್ಲಿ ಇಂಥ ಜೋಡಿ ಬಂದರೆ ಅವರ ಪ್ರೀತಿಯೇ ಜೋಕ್ ಆಗಿಬಿಡೋದು ತುಂಬಾ ಸಾಮಾನ್ಯವಾಗಿತ್ತು. ಇಲ್ಲಿ ಅವರಿಬ್ಬರ ನಡುವಿನ ಜಗಳ ನಗು ತರಿಸುತ್ತದೆ, ಅವರ ಸಂಬಂಧ ಅಲ್ಲ.

ಬಲೆ ಬೀಸಿದ ಕೆಲಸ ಕೆಟ್ಟ ಮೇಲೆ ಬರ್ಕ್ ಅವರಿಬ್ಬರನ್ನೂ ಮನೆಗೆ ಕ್ರಿಸ್‌ಮಸ್ ಊಟಕ್ಕೆ ಕರೆಯುತ್ತಾನೆ. ಕೇಸು ಇನ್ನೂ ಅವನ ಕೈಯಲ್ಲಿದೆ, ಇಲ್ಲ ಅನ್ನೋ ಹಾಗಿಲ್ಲ. ವಿಲಿಯಂ ಫಿಚ್ನರ್ ಬರ್ಕ್, ಜೇನ್ ಕ್ರಾಕೌಸ್ಕಿ ಅವನ ಹೆಂಡತಿ ಐರೀನ್. ಗಂಡ ಹೆಂಡತಿ ಇಬ್ಬರೂ ಈ ಹುಡುಗರ ಮೇಲೆ ಬೀಳುವಷ್ಟು ಹತ್ತಿರ ಬರುತ್ತಾರೆ. ಕಣ್ಣು ಮಿಟುಕಿಸದೆ ನೋಡುತ್ತಾರೆ. ಮಾತಿಗೆಲ್ಲ ಇನ್ನೊಂದು ಅರ್ಥ ಇದ್ದಂತಿದೆ. ಇದು ಕಾಮದ ವಿಷಯ ಅಂತ ಹುಡುಗರು ಬೆವರುತ್ತಾರೆ, ನಾವೂ ಹಾಗೇ ಅಂದುಕೊಳ್ಳುತ್ತೇವೆ. ಊಟದ ಮೇಜಿನ ಹತ್ತಿರ ಗುಟ್ಟು ಬಯಲಾಗುತ್ತದೆ: ಅವರಿಗೆ ಬೇಕಾಗಿರೋದು ಚೈನ್ ಮಾರ್ಕೆಟಿಂಗ್‌ಗೆ ಸೇರುವ ಸದಸ್ಯರು! ಕಾನ್ಫೆಡರೇಟೆಡ್ ಪ್ರಾಡಕ್ಟ್ಸ್ ಎಂಬ ಕಂಪನಿ, ನೀವು ಸೇರಿ, ನಿಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸಿ.

ಈ ದೃಶ್ಯಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ನಕ್ಕು ಮುಗಿದ ಮೇಲೆ ಯೋಚಿಸಿದರೆ ಇದು ಇಡೀ ಕಥೆಯ ಒಳಗುಟ್ಟನ್ನೇ ಹೇಳುತ್ತಿದೆ ಅನಿಸುತ್ತದೆ. ಸರ್ಕಾರಿ ಸಂಬಳ ತರುವ ಪೊಲೀಸ್ ಅಧಿಕಾರಿಗೂ ತಿಂಗಳ ಕೊನೆಗೆ ಸಾಲುತ್ತಿಲ್ಲವೋ ಏನೋ. ಅವನಿಗೂ ಒಂದು ಸೈಡ್ ವ್ಯಾಪಾರ ಬೇಕು. ರೋನಾ ಮಾತ್ರೆ ಮಾರುತ್ತಾಳೆ, ಬರ್ಕ್ ಮನೆಸಾಮಾನು ಮಾರುತ್ತಾನೆ. ಇಬ್ಬರಿಗೂ ಬೇಕಾಗಿರೋದು ತಮ್ಮ ಕೆಳಗೆ ಇನ್ನೊಬ್ಬರು. ಕಾನೂನು ಒಬ್ಬರನ್ನು ಹಿಡಿಯುತ್ತದೆ, ಇನ್ನೊಬ್ಬರ ಕೈಗೆ ಲಾಠಿ ಕೊಡುತ್ತದೆ. ಚೈನ್ ಮಾರ್ಕೆಟಿಂಗ್ ಅಂದರೇನೇ ಭಾರವನ್ನು ಕೆಳಗಿನವರಿಗೆ ದಾಟಿಸೋದು, ಅಲ್ವಾ?

ಅಲ್ಲಿಂದ ತಪ್ಪಿಸಿಕೊಂಡು ಬಂದ ಆಡಮ್ ಮತ್ತು ಜ್ಯಾಕ್‌ಗೆ ದಾರಿಯಲ್ಲಿ ಇನ್ನೊಂದು ಸತ್ಯ ಗೊತ್ತಾಗುತ್ತದೆ. ಇಬ್ಬರೂ ಬೇರೆಯವರ ಜೊತೆ ಹೋಗಿದ್ದರು, ಆ ಬೇರೆಯವನೂ ಒಬ್ಬನೇ. ಅವನಿಗೆ ಬುದ್ಧಿ ಕಲಿಸಲು ರೇವ್‌ಗೆ ಬರುತ್ತಾರೆ, ಅವನ ಕೂದಲು ಕತ್ತರಿಸಿ ಹೊರಡುತ್ತಾರೆ. ಹೊರಡುವಾಗ ರೋನಾಗೆ ಕಾರು ಗುದ್ದುತ್ತದೆ. ಪಕ್ಕದಲ್ಲಿ ಪಿಸ್ತೂಲು ಹಿಡಿದ ಟಾಡ್ ಕಂಡು ಹೆದರಿ ಓಡುತ್ತಾರೆ. ಯಾರೂ ನೋಡಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವಾಗಲೇ ಆಡಮ್ ಮೈಮೇಲೆ ಆ ಮೈಕ್ ಇನ್ನೂ ಇರೋದು ಗೊತ್ತಾಗುತ್ತದೆ. ಮಾತೆಲ್ಲ ಎಲ್ಲಾದರೂ ರೆಕಾರ್ಡ್ ಆಗಿದ್ದರೆ?

ಅವರು ವಾಪಸ್ ಬರುತ್ತಾರೆ. ಬರೋದು ಹೆಣ ಸಾಗಿಸಲು, ಪಶ್ಚಾತ್ತಾಪದಿಂದಲ್ಲ. ನೋಡಿದರೆ ಹುಡುಗಿ ಇನ್ನೂ ಬದುಕಿದ್ದಾಳೆ. ಆಗ ಅವರು ಮಾಡುವ ಕೆಲಸ ಇದೆಯಲ್ಲ, ಅದು ಈ ಸಿನಿಮಾದ ಸ್ವಭಾವಕ್ಕೇ ತಕ್ಕದ್ದು. ಅವಳನ್ನು ಎತ್ತಿ ತಂದು ಪಾರ್ಕಿಂಗ್‌ನಲ್ಲಿ ನಿಂತಿದ್ದ ಒಂದು ಕಾರಿಗೆ ಒರಗಿಸುತ್ತಾರೆ. ಕಾರಿನ ಅಲಾರಂ ಹೊಡೆದುಕೊಳ್ಳುವಂತೆ ಮಾಡುತ್ತಾರೆ. ದೂರ ಹೋಗಿ ನಿಂತು ನೋಡುತ್ತಾರೆ. ಪಾರ್ಟಿಗೆ ಬಂದವರು ಅಲಾರಂ ಕೇಳಿ ಬಂದು ಆಂಬುಲೆನ್ಸ್ ಕರೆಯುತ್ತಾರೆ. ಇದರಲ್ಲಿ ಹೇಡಿತನ ಇದೆ, ಕಾಳಜಿಯೂ ಇದೆ. ತಾವು ಸಿಕ್ಕಿಬೀಳಬಾರದು, ಅವಳು ಸಾಯಲೂಬಾರದು. ಇಪ್ಪತ್ತರ ಆಸುಪಾಸಿನ ಮನಸ್ಸು ಹೆದರಿದಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ದೃಶ್ಯ ನನಗೆ ಬೇರೆ ನೆನಪಾಗುತ್ತಿಲ್ಲ.

ಈಗ ಆ ಹೋಲಿಕೆಯ ವಿಷಯ. ‘ಪಲ್ಪ್ ಫಿಕ್ಷನ್’ ಬಂದದ್ದು 1994ರಲ್ಲಿ. ಅದಾದ ಮೇಲೆ ಕಾಲವನ್ನು ಕಲಸಿದ, ಮಾತಿನ ಮಲ್ಲರಾದ ಅಪರಾಧಿಗಳ ಸಿನಿಮಾಗಳು ಸಾಲುಗಟ್ಟಿ ಬಂದವು. ‘ಗೋ’ ಬರುವ ಹೊತ್ತಿಗೆ ಜನಕ್ಕೆ ಆ ಬಗೆ ಸಾಕಾಗಿತ್ತು, ಇದನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟರು. ಆದರೆ ಅಲ್ಲಿರುವವರು ಕಸುಬಿನ ಗೂಂಡಾಗಳು, ಬಾಕ್ಸರ್‌ಗಳು. ಇಲ್ಲಿರುವವರು ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು. ಅವರಿಗೆ ಅಪರಾಧ ಅಂದರೆ ಒಂದು ರಾತ್ರಿಯ ಓವರ್‌ಟೈಮ್. ಪಿಸ್ತೂಲು ಹಿಡಿಯಲು ಬರೋದಿಲ್ಲ, ಮಾತ್ರೆ ಮಾರಲು ಬರೋದಿಲ್ಲ, ಸುಳ್ಳು ಹೇಳುವಾಗಲೂ ಗಂಟಲು ಒಣಗುತ್ತದೆ. ತಮಾಷೆಯೂ ಅಲ್ಲಿಂದಲೇ ಬರುತ್ತದೆ, ಭಯವೂ ಅಲ್ಲಿಂದಲೇ.

ಈ ಕಥೆ ಹುಟ್ಟಿದ ರೀತಿಯೂ ಬೇರೆ. ಜಾನ್ ಆಗಸ್ಟ್ ಮೊದಲು ಬರೆದದ್ದು ರೋನಾಳ ಭಾಗ ಮಾತ್ರ, ಅದೂ ಕಿರುಚಿತ್ರಕ್ಕೆ ಅಂತ. ಓದಿದ ಗೆಳೆಯರು ಕೇಳಿದರು, ಆ ಸೈಮನ್ ವೇಗಸ್‌ಗೆ ಹೋಗಿ ಏನು ಮಾಡಿದ? ಆ ಇಬ್ಬರು ನಟರ ಕಥೆಯೇನು? ಆ ಪ್ರಶ್ನೆಗಳಿಗೆ ಉತ್ತರವಾಗಿ ಉಳಿದ ಎರಡು ಭಾಗ ಬಂದವು. ಇದು ಗೊತ್ತಾದ ಮೇಲೆ ಸಿನಿಮಾ ನನಗೆ ಇನ್ನೂ ಹತ್ತಿರವಾಯಿತು. ಮೊದಲು ಆಕಾರ ಮಾಡಿಕೊಂಡು ಆಮೇಲೆ ಮನುಷ್ಯರನ್ನು ತುಂಬಿದ್ದಲ್ಲ. ಪಕ್ಕದಲ್ಲಿ ನಿಂತಿದ್ದವರ ಬಗ್ಗೆ ಯಾರೋ ಕುತೂಹಲದಿಂದ ಕೇಳಿದ್ದಕ್ಕೆ ಈ ಆಕಾರ ಬಂತು.

ಛಾಯಾಗ್ರಹಣವನ್ನೂ ಲೈಮನ್ ಅವರೇ ಮಾಡಿದ್ದಾರೆ. ಕ್ಯಾಮೆರಾ ಜನರ ಜೊತೆಗೇ ಓಡುತ್ತದೆ, ಸುಸ್ತಾಗುತ್ತದೆ, ಒಂದೊಂದು ಸಲ ಹಿಂದೆ ಬೀಳುತ್ತದೆ. ಬಜೆಟ್ ಸುಮಾರು 65 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು. ಗಳಿಕೆ ಅಮೆರಿಕದಲ್ಲಿ ಸುಮಾರು 1.7 ಕೋಟಿ, ಪ್ರಪಂಚದಾದ್ಯಂತ ಸುಮಾರು 2.8 ಕೋಟಿ ಡಾಲರ್. ಸೋತಿತು ಅನ್ನೋ ಹಾಗಿಲ್ಲ, ಹಬ್ಬವಾಗುವಂಥ ಗೆಲುವೂ ಅಲ್ಲ. ಬಂದ ಸಮಯವೂ ಸರಿಯಿರಲಿಲ್ಲ. ‘ದ ಮೇಟ್ರಿಕ್ಸ್’ ತೆರೆಗೆ ಬಂದು ಹತ್ತು ದಿನವೂ ಆಗಿರಲಿಲ್ಲ. ಆ ವರ್ಷ ಯುವಕರ ಸಿನಿಮಾ ಅಂದರೆ ಹೈಸ್ಕೂಲ್ ಪ್ರೇಮಕಥೆಗಳು. ಬಾಡಿಗೆ ಕಟ್ಟಲಾಗದ ಹುಡುಗಿಯ ಕಥೆಯನ್ನು ಆ ಗುಂಪಿಗೆ ಸೇರಿಸಿ ಮಾರೋದು ಕಷ್ಟವೇ.

1999 ಎಂಬ ಇಸವಿ ಈ ಕಥೆಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಎಲ್ಲರ ಜೇಬಿನಲ್ಲೂ ಮೊಬೈಲ್ ಇಲ್ಲದ ಕಾಲ. ರೋನಾ ಎಲ್ಲಿದ್ದಾಳೆ ಅಂತ ಕ್ಲೇರ್‌ಗೆ ಗೊತ್ತಿಲ್ಲ. ಸಂದಿಯಲ್ಲಿ ನಡುಗುತ್ತಾ ಕೂತಿರುವ ಮ್ಯಾನಿಗೆ ಯಾರನ್ನೂ ಕರೆಯಲಾಗದು. ಇಂದಿನ ಕಾಲಕ್ಕೆ ತಂದರೆ ಒಂದು ಮೆಸೇಜ್‌ನಲ್ಲಿ ಅರ್ಧ ಕಥೆ ಕರಗಿಹೋಗುತ್ತದೆ. ಒಬ್ಬರಿಗೊಬ್ಬರು ಸಿಗದೇ ಹೋಗುವ ಸಾಧ್ಯತೆ ಇದ್ದ ಕೊನೆಯ ಕೆಲವು ವರ್ಷಗಳಲ್ಲಿ ಈ ಸಿನಿಮಾ ಬಂತು. ಆ ಚಡಪಡಿಕೆ ಪ್ರತಿ ದೃಶ್ಯದಲ್ಲೂ ಇದೆ.

ನಟರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ರೋನಾ ಆಗಿರುವ ಸಾರಾ ಪೊಲಿ ಮುಂದೆ ನಿರ್ದೇಶಕಿಯಾದರು. ‘ವಿಮೆನ್ ಟಾಕಿಂಗ್’ ಚಿತ್ರಕಥೆಗೆ 2023ರಲ್ಲಿ ಆಸ್ಕರ್ ಪಡೆದರು. ಒಂದು ಚಿಕ್ಕ ದೃಶ್ಯದಲ್ಲಿ ಬಂದು ಹೋಗುವ ಮೆಲಿಸಾ ಮೆಕಾರ್ತಿಗೆ ಇದು ಮೊದಲ ಸಿನಿಮಾ. ಪೊಲಿ ಮುಖದಲ್ಲಿ ಒಂದು ವಿಶೇಷ ಇದೆ. ಅವರು ನಮ್ಮ ಕರುಣೆ ಕೇಳೋದೇ ಇಲ್ಲ. ರೋನಾ ಗೆಳತಿಯನ್ನು ಒತ್ತೆ ಇಟ್ಟಾಗಲೂ, ನಕಲಿ ಮಾತ್ರೆ ಮಾರಿದಾಗಲೂ ‘ನನ್ನ ಪರಿಸ್ಥಿತಿ ನೋಡಿ’ ಎಂಬ ನೋಟ ಬರೋದಿಲ್ಲ. ಹಾಗಾಗಿಯೇ ಅವಳ ಬಗ್ಗೆ ಕರುಣೆ ಹುಟ್ಟುತ್ತದೆ.

ಕೊನೆಗೆ ಎಲ್ಲ ಲೆಕ್ಕ ಟಾಡ್ ಮನೆಯ ಕಟ್ಟಡದ ಮೆಟ್ಟಿಲ ಮೇಲೆ ಬಂದು ಕೂಡುತ್ತದೆ. ವಿಕ್ಟರ್ ಅಪ್ಪ ಮಗ ಅಲ್ಲಿಗೆ ಬಂದಿದ್ದಾರೆ. ಅಡಗಿಕೊಳ್ಳಲು ಜಾಗ ಹುಡುಕುತ್ತಾ ಸೈಮನ್ ಕೂಡ ಅಲ್ಲಿಗೇ ಬರುತ್ತಾನೆ. ದೊಡ್ಡ ವಿಕ್ಟರ್‌ಗೆ ನ್ಯಾಯ ಬೇಕು. ನನ್ನ ಮಗನ ತೋಳಿಗೆ ಗುಂಡು ಬಿದ್ದಿದೆ, ನಿನ್ನ ತೋಳಿಗೂ ಬೀಳಬೇಕು. ಚೌಕಾಸಿ ನಡೆದು ಸೈಮನ್ ಒಪ್ಪಿಕೊಳ್ಳುತ್ತಾನೆ. ಇಡೀ ರಾತ್ರಿಯಲ್ಲಿ ಒಬ್ಬ ತನ್ನ ಬರೆಯನ್ನು ತಾನೇ ಹಾಕಿಸಿಕೊಳ್ಳುವ ಕ್ಷಣ ಇದೊಂದೇ.

ರೋನಾ ಆಸ್ಪತ್ರೆಯಲ್ಲಿ ಎಚ್ಚರವಾಗಿ, ಕುಂಟುತ್ತಾ ನೇರ ಕೆಲಸಕ್ಕೆ ಬರುತ್ತಾಳೆ. ಮನೆಗಲ್ಲ, ಕೆಲಸಕ್ಕೆ! ಅಲ್ಲಿ ಕ್ಲೇರ್ ಸಿಗುತ್ತಾಳೆ. ಆಗ ನೆನಪಾಗುತ್ತದೆ, ಮ್ಯಾನಿ ಇನ್ನೂ ಆ ಸಂದಿಯಲ್ಲೇ ಇದ್ದಾನೆ. ಇಬ್ಬರೂ ಓಡುತ್ತಾರೆ. ಅವನು ಬಿಳಚಿಕೊಂಡು, ನಡುಗುತ್ತಾ, ಜೀವಂತವಾಗಿ ಸಿಗುತ್ತಾನೆ. ಕಾರಿನಲ್ಲಿ ಕೂತ ಮೇಲೆ ಅವನು ಕೇಳೋದು, ಹೊಸ ವರ್ಷಕ್ಕೆ ಏನು ಪ್ಲಾನ್ ಅಂತ. ಈ ಹುಡುಗರು ಏನನ್ನೂ ಕಲಿಯಲಿಲ್ಲ ಎಂದು ಕೆಲವರು ಇದನ್ನು ಓದುತ್ತಾರೆ. ನನಗೆ ಹಾಗನಿಸೋದಿಲ್ಲ. ಅವರಿಗೆ ಈ ರಾತ್ರಿಯ ಪೂರ್ತಿ ಕಥೆ ಗೊತ್ತೇ ಇಲ್ಲ. ತನ್ನನ್ನು ಉಳಿಸಿದ್ದು ಯಾರು, ಗುದ್ದಿದ್ದು ಯಾರು, ಇಬ್ಬರೂ ಒಂದೇ ಅಂತ ರೋನಾಗೆ ಯಾವತ್ತೂ ತಿಳಿಯೋದಿಲ್ಲ. ತಿಳಿಯದ ಪಾಠ ಕಲಿಯೋದು ಹೇಗೆ?

ಎರಡನೇ ಸಲ ನೋಡುವವರಿಗೆ ಒಂದು ಮಾತು. ಈ ಸಲ ಕ್ಲೇರ್‌ಳನ್ನು ಹಿಂಬಾಲಿಸಿ. ಕೇಟಿ ಹೋಮ್ಸ್ ಮಾಡಿರುವ ಈ ಪಾತ್ರಕ್ಕೆ ಅವಳ ಹೆಸರಿನ ಭಾಗ ಅಂತ ಒಂದಿಲ್ಲ. ಆದರೆ ಸಿನಿಮಾ ಶುರುವಾಗೋದೇ ಅವಳ ಮಾತಿನಿಂದ. ಕ್ರಿಸ್‌ಮಸ್‌ನಲ್ಲಿ ತನಗೆ ಇಷ್ಟ ಅಚ್ಚರಿಗಳು ಅಂತ ಎದುರಿಗೆ ಕೂತ ಯಾರಿಗೋ ಹೇಳುತ್ತಿರುತ್ತಾಳೆ. ಆ ಯಾರೋ ಯಾರು ಅಂತ ಗೊತ್ತಾಗೋದು ಕೊನೆಯ ಭಾಗದಲ್ಲಿ: ಟಾಡ್. ರಾತ್ರಿ ತನ್ನನ್ನು ಒತ್ತೆ ಇಟ್ಟುಕೊಂಡಿದ್ದವನ ಜೊತೆಗೇ ಅವಳು ಬೆಳಗಿನ ಹೊತ್ತು ಹೋಟೆಲ್‌ನಲ್ಲಿ ಕೂತು ಹರಟುತ್ತಾಳೆ, ಅವನ ಜೊತೆ ಮೆಟ್ಟಿಲವರೆಗೂ ಹೋಗುತ್ತಾಳೆ. ಅಲ್ಲಿ ಗಂಡಸರೆಲ್ಲ ಸೇರಿ ಯಾರ ತೋಳಿಗೆ ಗುಂಡು ಹೊಡೆಯೋದು ಅಂತ ವ್ಯವಹಾರ ಕುದುರಿಸುವಾಗ ಅವಳ ಮುಖ ನೋಡಿ. ಗುಂಡು ಹಾರುವ ಮೊದಲೇ ಅಸಹ್ಯಪಟ್ಟು ಅಲ್ಲಿಂದ ಎದ್ದು ಹೋಗುತ್ತಾಳೆ. ಅವಳ ಕಡೆಯಿಂದ ಕೂಡಿಸುತ್ತಾ ಬಂದರೆ ಇದು ಬೇರೆಯದೇ ಸಿನಿಮಾ, ನಾಲ್ಕನೆಯ ಕಥೆ. ಅದನ್ನು ಯಾರೂ ಬಿಡಿಸಿ ಹೇಳಿಲ್ಲ. ಆದರೆ ಅದರ ತುಣುಕುಗಳೆಲ್ಲ ಅಲ್ಲೇ ಇವೆ.